ಕಲ್ಲು ಇದ್ದಲ್ಲೇ

"ಮಿಸ್, ನೀವು ಕಲ್ಲು" ಎಂದಳು ಬೊಚ್ಚಿ. ಮುಂದಿನ ಎರಡು ಹಲ್ಲು ಬಿದ್ದಂದಿನಿಂದ ಶಿಶುವಿಹಾರದಲ್ಲಿ ಅವಳಿಗೆ ಅದೇ ಹೆಸರು. ಆಟದ ಪಾತ್ರ ಹಂಚುವ ಅಧಿಕಾರವೂ ಅವಳದೇ. "ಕಲ್ಲು ಸುಮ್ನೆ ಇರ್ಬೇಕು. ನಿಮಗೆ ಅದು ಚೆನ್ನಾಗಿ ಬರುತ್ತೆ."

ಮಿಸ್ ಚಾಪೆಯ ಮೇಲೆ ಮಂಡಿಯೂರಿ, ಅಂಗೈ ನೆಲಕ್ಕೆ ಕೊಟ್ಟು ಬಗ್ಗಿದರು. ಬೊಚ್ಚಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಿಸ್ ಅವರ ತಂಗಿ ತೀರಿಕೊಂಡು ಎರಡು ತಿಂಗಳು, ಇವರು ರಜೆ ಮುಗಿಸಿ ಬಂದು ಮೂರು ವಾರ. ಹಾಜರಿ ಕೂಗುತ್ತಿದ್ದರು, ಮೂಗು ಒರೆಸುತ್ತಿದ್ದರು, ಲೇಸು ಕಟ್ಟುತ್ತಿದ್ದರು. ಕೈಗಳೆರಡು ಮಾತ್ರ ಕೆಲಸಕ್ಕೆ ಹಾಜರಾಗಿದ್ದವು. ಅವರಲ್ಲಿ ಮಿಕ್ಕಿದ್ದೆಲ್ಲ ಇನ್ನೂ ರಜೆಯ ಮೇಲಿತ್ತು.

ಹೆಡ್‌ಮಿಸ್ ಬೆಳಿಗ್ಗೆ ಕರೆದು ಮೆತ್ತಗೆ ಹೇಳಿದ್ದರು. ಮಕ್ಕಳ ಜೊತೆ ನಗುವವರು ಬೇಕು, ಹನ್ನೊಂದಕ್ಕೆ ಬಂದು ಒಮ್ಮೆ ನೋಡುತ್ತೇನೆ, ಹೀಗೇ ಇದ್ದರೆ ಸೋಮವಾರದಿಂದ ಆಫೀಸಿನಲ್ಲಿ ಕೂತು ಫೈಲು ನೋಡಿಕೊಳ್ಳಿ, ಎಂದು. ಮಿಸ್ "ಹೂಂ" ಎಂದಿದ್ದರು. ಹನ್ನೆರಡು ವರ್ಷ ಕೂತ ಚಾಪೆ. ಬಿಡಲು ಮನಸ್ಸಿದೆಯೇ ಎಂದು ಒಳಗೆ ಹುಡುಕಿದರೆ, ಮನಸ್ಸೇ ಸಿಗಲಿಲ್ಲ.

ನಿನ್ನೆ ಮಳೆ ನಿಂತ ಮೇಲೆ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ಒಂದು ಚಪ್ಪಡಿ ಕಲ್ಲು ಎತ್ತಿ ತೋರಿಸಿದ್ದರು. ಅಡಿಯಲ್ಲಿ ಎರೆಹುಳ, ನೂರುಕಾಲಿನ ಹುಳ, ಕೊಂಬು ಚಾಚಿದ ಉಗುರಿನಷ್ಟು ಬಸವನಹುಳ. ಹತ್ತು ಎಣಿಸುವ ತನಕ ನೋಡಬಹುದು, ಆಮೇಲೆ ಕಲ್ಲನ್ನು ಇದ್ದಲ್ಲೇ, ಇದ್ದ ಹಾಗೇ ಇಡಬೇಕು, ಅದು ಅವುಗಳ ಮನೆಯ ಸೂರು. ಇದು ಮಿಸ್ ವರ್ಷ ವರ್ಷವೂ ಹೇಳುವ ಪಾಠ. ನಿನ್ನೆಯೂ ಬಾಯಿ ಅದನ್ನು ಹೇಳಿ ಮುಗಿಸಿತ್ತು.

ಈಗ ಹೊರಗೆ ಬಿಸಿಲು, ಒಳಗೆ ಮಳೆ. ಒಬ್ಬ ತಿಂಡಿ ಡಬ್ಬಿ ಬಡಿದು ಗುಡುಗಿದ. ನಾಲ್ವರು ನೆಲಕ್ಕೆ ಬೆರಳು ತಟ್ಟಿ ಹನಿಯಾದರು. ಆರು ಜನ ಒಬ್ಬರ ಬೆನ್ನು ಒಬ್ಬರು ಹಿಡಿದು ನೂರುಕಾಲಿನ ಹುಳವಾಗಿ ಬಂದರು. ಅದರ ತಲೆಯಾಗಿದ್ದವನು ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಥೇಟ್ ಹೆಡ್‌ಮಿಸ್ ದನಿಯಲ್ಲಿ, "ಚಪ್ಪಲಿ ಸಾಲಾಗಿ ಬಿಡಿ. ನೂರೂ" ಎಂದ. ಮಳೆಗೂ ನಗು ತಡೆಯಲಾಗಲಿಲ್ಲ. ಕಲ್ಲು ನಗಲಿಲ್ಲ.

ಆಗ ಹೊಸ ಹುಡುಗಿ ಬಂದಳು. ಸೇರಿ ವಾರವಾದರೂ ಬೆನ್ನಿನ ಬ್ಯಾಗು ಇಳಿಸದೆ, ಯಾರ ಆಟಕ್ಕೂ ಸೇರದೆ ಬಾಗಿಲಲ್ಲೇ ನಿಲ್ಲುತ್ತಿದ್ದವಳು. ಅವಳಿಗೆ ಯಾರೂ ಪಾತ್ರ ಕೊಟ್ಟಿರಲಿಲ್ಲ. ಬ್ಯಾಗಿನ ಸಮೇತ ನಿಧಾನಕ್ಕೆ ತೆವಳಿಕೊಂಡು ಬಂದು, ಕಲ್ಲಿನ ಅಡಿಗೆ ನುಸುಳಿ ಮುದುಡಿಕೊಂಡಳು. ಬ್ಯಾಗಿನ ಜಿಪ್ಪು ಮಿಸ್ ಪಕ್ಕೆಗೆ ಒತ್ತುತ್ತಿತ್ತು. ಅವರ ಮಣಿಕಟ್ಟಿಗೆ ಬಿಸಿ ಉಸಿರು ತಾಗುತ್ತಿತ್ತು.

ಮಳೆ ತಟ್ಟನೆ ನಿಂತಿತು. ಬಾಗಿಲಲ್ಲಿ ಹೆಡ್‌ಮಿಸ್ ಇದ್ದರು. ನೂರುಕಾಲಿನ ಹುಳ ಆರು ತುಂಡಾಗಿ ಕೂತುಬಿಟ್ಟಿತು.

"ಏನ್ರೀ ಇದು, ಆಟ ಅವರ ಪಾಡಿಗೆ ಅವರದು, ನೀವು ನೆಲ ನೋಡ್ತಾ ಇದೀರಿ. ಏಳಿ, ಆಫೀಸಿಗೆ ಬನ್ನಿ" ಎಂದು ಹತ್ತಿರ ಬಂದು ಭುಜ ಹಿಡಿದರು.

ಬೊಚ್ಚಿ ಅಡ್ಡ ಬರಲಿಲ್ಲ. ನಿಯಮ ಮಾತ್ರ ತಿಳಿಸಿದಳು. "ಎತ್ತಬಹುದು ಹೆಡ್‌ಮಿಸ್. ಹತ್ತು ಎಣಿಸೋ ತನಕ. ಆಮೇಲೆ ಇಲ್ಲೇ ಇಡ್ಬೇಕು."

ಮಕ್ಕಳು ಎಣಿಸತೊಡಗಿದರು. ಭುಜದ ಮೇಲಿನ ಕೈ ಹಾಗೇ ನಿಂತಿತು.

"ಈಗ ಬೇಡ ಮೇಡಂ" ಎಂದರು ಮಿಸ್, ನೆಲದ ಕಡೆಗೇ. "ಒಳಗೆ ಒಬ್ಬರಿದಾರೆ."

ಹೆಡ್‌ಮಿಸ್ ಬಗ್ಗಿ ಇಣುಕಿದರು. ಕನ್ನಡಕ ಮೂಗಿನ ತುದಿಗೆ ಜಾರಿತು. ಕೈ ತೆಗೆದು ಬಾಗಿಲಿಗೆ ಹೋದರು. ಸಾಲು ತಪ್ಪಿದ್ದ ಒಂದು ಜೊತೆ ಪುಟ್ಟ ಚಪ್ಪಲಿಯನ್ನು ಕಾಲಿನಿಂದ ಸರಿಸಿ, ಹೊರಟುಹೋದರು.

ತಿಂಡಿಯ ಗಂಟೆ ಹೊಡೆಯಿತು. ಮಳೆ, ಗುಡುಗು, ಹುಳ ಎಲ್ಲ ಕೈ ತೊಳೆಯಲು ಓಡಿದವು. ಮಿಸ್ ಮಾತ್ರ ಇದ್ದಲ್ಲೇ ಇದ್ದರು. ಬ್ಯಾಗಿನ ಪಕ್ಕದಿಂದ ಎರಡು ಬೆರಳು ಕೊಂಬಿನ ಹಾಗೆ ಹೊರಬಂದು, ಗಾಳಿಯಲ್ಲಿ ತಡಕಾಡಿ, ಮಣಿಕಟ್ಟನ್ನು ಮುಟ್ಟಿ ನೋಡಿ, ಮತ್ತೆ ಒಳಗೆ ಹೋದವು.