ಪೇಪರ್ ಓದುವ ಮನೆ

ಕಾಸರಕೋಡಿನ ನಮ್ಮ ಬಾಡಿಗೆ ಮನೆಗೆ ಪೇಪರ್ ಓದುವ ಚಟವಿದೆ ಎಂದು ನನಗೆ ಗೊತ್ತಿರಲಿಲ್ಲ. ಎರಡು ಕೋಣೆ, ಸೋರುವ ಹಂಚಿನ ಮಾಡು, ಅಮ್ಮ ಮೀನು ಒಣಗಿಸುವ ಅಂಗಳ. ಹತ್ತೊಂಬತ್ತು ವರ್ಷ ಅಲ್ಲಿದ್ದೆವು. ಕಳೆದ ಜೂನ್‌ನಲ್ಲಿ, ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಆಗಿ ದೋಣಿಗಳು ದಡ ಸೇರಿದಾಗ, ಮಾಲೀಕರಾದ ಲಿಂಗಪ್ಪನವರು ಹೊನ್ನಾವರದಿಂದ ತಾವಾಗಿಯೇ ಬಂದು ಎಂಟು ಲಕ್ಷಕ್ಕೆ ಮನೆ ಕೊಡುತ್ತೇನೆಂದರು.

“ನಾಳೆಯೇ ಕಾಗದ ಮಾಡ್ವ, ಈರಮ್ಮ.”

ದೋಣಿ ದಡದಲ್ಲಿರುವಾಗ ದೊಡ್ಡ ವ್ಯವಹಾರಕ್ಕೆ ಕೈ ಹಾಕುವವಳಲ್ಲ ಅಮ್ಮ.

“ನೂಲ ಹುಣ್ಣಿಮೆ ಕಳೀಲಿ, ಒಡೆಯಾ. ಕಡಲಿಗೆ ಕಾಯಿ ಬಿಡದೆ ನಾನು ಹೆಬ್ಬೆಟ್ಟು ಒತ್ತೂದಿಲ್ಲ.”

“ಆತು. ನನ್ನ ಮಾತಂದ್ರೆ ಮಾತು.”

ಆ ಮಾತು ಮೂವತ್ತೇಳು ದಿನ ಬಾಳಿತು, ಪಾಪ. ಆಮೇಲೆ ಪೇಪರಿನಲ್ಲಿ ಸುದ್ದಿ: ಹಡಗು ರಿಪೇರಿ ಕಂಪನಿ ಬರಲಿದೆ, ಎರಡು ಸಾವಿರ ಉದ್ಯೋಗ. ಮರುದಿನ ಮನೆಗೆ ಹದಿನೈದು ಲಕ್ಷ. ಇಬ್ಬರು ಅಧಿಕಾರಿಗಳು ಕಾರು ನಿಲ್ಲಿಸಿ ಎಳನೀರು ಕುಡಿದರು, ಬೆಲೆ ಇಪ್ಪತ್ತೆರಡು. ಅವರಲ್ಲೊಬ್ಬರು ಗಾಳಿ ಚೆನ್ನಾಗಿದೆ ಎಂದರಂತೆ, ಮೂವತ್ತು. ಮಾಡು ಮಾತ್ರ ಯಾವ ಸುದ್ದಿಗೂ ಬಗ್ಗದೆ ಸೋರುತ್ತಲೇ ಇತ್ತು.

ಹುಣ್ಣಿಮೆಯ ಮರುದಿನ ಅಮ್ಮ ಹೊಸ ಸೀರೆ ಉಟ್ಟು, ನನ್ನನ್ನು ಕರೆದುಕೊಂಡು ಲಿಂಗಪ್ಪನವರ ಮನೆಗೆ ಹೋದಳು.

“ನಾನೆಂತ ಮಾಡ್ಲಿ, ಈರಮ್ಮ? ರೇಟು ಏರಿಸಿದ್ದು ನಾನಲ್ಲ, ಕಂಪನಿ. ನಿನ್ನ ಮಗನಿಗೇ ಕೆಲಸ ಸಿಕ್ತದೆ, ಖುಷಿ ಪಡು.”

ನನಗೆ ಮೈಯೆಲ್ಲ ಉರಿಯಿತು. ಅಮ್ಮ ಮಾತ್ರ ದಾರಿಯುದ್ದಕ್ಕೂ “ನಾನೇ ತಡ ಮಾಡ್ದೆ” ಎನ್ನುತ್ತಿದ್ದಳು.

ಮನೆಯನ್ನು ಕಂಪನಿ ತನ್ನ ಗೆಸ್ಟ್ ಹೌಸಿಗೆಂದು ಕೊಂಡಿತು. ನಾವು ಹೈವೇ ಆಚೆಯ ಒಂದು ಕೋಣೆಗೆ ಹೋದೆವು. ಅಲ್ಲಿ ಅಂಗಳವಿಲ್ಲ, ಒಣಮೀನೂ ಇಲ್ಲ. ಆದರೆ ಲಿಂಗಪ್ಪನವರ ಬಾಯಿಂದ ಸುಳ್ಳು ಬರುತ್ತದೆಯೇ? ನನ್ನ ತಮ್ಮ ರಾಜೇಶನಿಗೆ ಕೆಲಸ ಸಿಕ್ಕಿತು. ಅದೇ ಗೆಸ್ಟ್ ಹೌಸಿನ ಗೇಟಿನಲ್ಲಿ, ನೀಲಿ ಅಂಗಿ, ಸೀಟಿ, ರಿಜಿಸ್ಟರ್ ಸಮೇತ. ಸುತ್ತಮುತ್ತ ಯಾರೂ ಮೀನು ಒಣಗಿಸದಂತೆ ನೋಡಿಕೊಳ್ಳುವುದು ಅವನ ಮೊದಲ ಕರ್ತವ್ಯ.

ನಿನ್ನೆ ಅಮ್ಮ ಅವನಿಗೆ ಊಟ ಒಯ್ದಳು, ನಾನೂ ಜೊತೆಗಿದ್ದೆ. ಒಳಗಿಂದ ಕಂಪನಿಯ ಸಾಹೇಬರು ನೋಡುತ್ತಿದ್ದರು. ರಾಜೇಶ ತಲೆಯೆತ್ತಲಿಲ್ಲ.

“ಅಮ್ಮ, ಹೆಸರು ಬರ್ಕೊಳ್ಬೇಕು. ಎಂತಕ್ಕೆ ಬಂದದ್ದು ಅಂತಲೂ.”

ಅಮ್ಮ ಗೇಟಿನ ಸಂದಿಯಿಂದ ಅಂಗಳ ನೋಡಿದಳು. ಎರಡು ಕಾರು ನಿಂತಿದ್ದವು.

“ಮನೆ ನೋಡೂಕೆ ಅಂತ ಬರಿ.”

ಅವನು ಹಾಗೆಯೇ ಬರೆದು ರಿಜಿಸ್ಟರ್ ಮುಂದೆ ಹಿಡಿದ. ಅಮ್ಮ ಹೆಬ್ಬೆಟ್ಟು ಒತ್ತಿದಳು. ಹುಣ್ಣಿಮೆ ಕಳೆಯಲಿ ಎಂದು ಈ ಸಲ ಅನ್ನಲಿಲ್ಲ.