ಆರೈಕೆ ಕೋಣೆ

"ಏ ಮುಂಡೇದೆ, ಇದೇನು ಹೊಲಿಗೆನಾ, ಇಲಿ ಕಡಿದಿದ್ದಾ?"

ಮೇಟ್ರನ್ ಎಸೆದ ಅಂಗಿ ದರ್ಜಿಯ ಮುಖಕ್ಕೆ ಬಡಿದು ಮಡಿಲಿಗೆ ಬಿತ್ತು. ಗೋಣಿಯಷ್ಟು ದಪ್ಪ ಬಟ್ಟೆ. ತೋಳಿಲ್ಲ, ಲಾಡಿಯಿಲ್ಲ, ಗುಂಡಿಯಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದರೂ ಹರಿಯಬಾರದು.

"ಅಂಚಲ್ಲಿ ನೂಲು ಬಿಟ್ಕೊಂಡಿದೆ. ಯಾವಳಾದ್ರೂ ಅದನ್ನೇ ಹಿಂಜಿ ನೇಣು ಹಾಕ್ಕೊಂಡ್ರೆ ನನ್ನ ಕೆಲಸ ನಿನ್ನಪ್ಪ ಕೊಡಿಸ್ತಾನಾ? ಬಿಚ್ಚಿ ಹೊಲಿ, ಲೌಡಿ."

"ಹೊಲಿತೀನಿ ಮೇಡಂ."

ದರ್ಜಿ ಎಂದರೆ ಹೆಸರಲ್ಲ, ಜೈಲಿನ ಹೊಲಿಗೆ ಶೆಡ್ಡಿನಲ್ಲಿ ಅವಳಿಗೆ ಬಿದ್ದ ಕರೆ. ಹೊರಗಿದ್ದಾಗ ಗಾರ್ಮೆಂಟ್ಸಿನಲ್ಲಿದ್ದಳು. ಮೈಮೇಲೆ ಬಂದ ಸೂಪರ್‌ವೈಸರನ ಕೈಗೆ ಕತ್ತರಿ ಇಳಿಸಿದಳು. ಆ ಕೈ ವಾಸಿಯಾಗಿ, ಅವನು ಮತ್ತೆ ಕೆಲಸಕ್ಕೆ ಹೋಗಿ, ಬಡ್ತಿಯೂ ಸಿಕ್ಕಿತಂತೆ. ಇವಳು ಇಲ್ಲಿ ಅಂಚು ಬಿಚ್ಚುತ್ತ ಕೂತಿದ್ದಳು.

ಆ ಅಂಗಿ ಆರೈಕೆ ಕೋಣೆಗೆ. ಹೆಸರೇನೋ ಚೆನ್ನಾಗಿದೆ. ಒಬ್ಬಳು ಮಲಗುವಷ್ಟು ಜಾಗ, ಕಿಟಕಿಯಿಲ್ಲ, ಚಾಪೆಯಿಲ್ಲ, ಎಂದೂ ಆರದ ಒಂದು ದೀಪ. ಬೆಳಿಗ್ಗೆ ಸಂಜೆ ಪೈಪು ಹಿಡಿದು ನೀರು ಬಿಡುತ್ತಾರೆ, ನೆಲ ಒಣಗಿದ್ದನ್ನು ಕಂಡವರಿಲ್ಲ. ಸಾಯುವ ಮಾತಾಡಿದವಳನ್ನು ಸಾಯದ ಹಾಗೆ ನೋಡಿಕೊಳ್ಳುವ ಜಾಗ ಅದು. ಒಮ್ಮೆ ಹಾಕಿದರೆ, ಡಾಕ್ಟ್ರಮ್ಮ ಬಂದು ಮಾತಾಡಿಸಿ ಒಪ್ಪಿದ ಮೇಲೇ ಬಿಡುಗಡೆ. ಡಾಕ್ಟ್ರಮ್ಮ ಬರುವುದು ವಾರಕ್ಕೊಮ್ಮೆ.

ಕಾಗದದಲ್ಲಿ ಆಕೆ ಮನಶ್ಶಾಸ್ತ್ರಜ್ಞೆ. ಕೆಟ್ಟವರಲ್ಲ. ಕುರ್ಚಿ ಕೊಡುತ್ತಾರೆ, ನೀರು ಕೊಡುತ್ತಾರೆ, ಮಾತಿನ ಮಧ್ಯೆ ಬಾಯಿ ಹಾಕುವುದಿಲ್ಲ. ಯಾರಾದರೂ ಅತ್ತರೆ ಮಾತ್ರ ಅವರ ಮುಖ ಬಾಡುತ್ತದೆ, ಬಾಗಿಲಾಚೆ ಸ್ಟೂಲಿನ ಮೇಲೆ ಕಿವಿ ತೆರೆದು ಕೂತ ಮೇಟ್ರನ್‌ಗೆ, "ಇವಳನ್ನ ಸ್ವಲ್ಪ ಜೋಪಾನವಾಗಿ ನೋಡ್ಕೊಳ್ಳಿ" ಅನ್ನುತ್ತಾರೆ. "ಅಯ್ಯೋ, ಅದಕ್ಕೇನು ಮೇಡಂ, ಆರೈಕೆ ಕೋಣೇಲಿ ಇಡ್ತೀವಿ" ಎಂದು ಮೇಟ್ರನ್ ಬೆಣ್ಣೆಯ ಹಾಗೆ ನುಡಿಯುತ್ತಾಳೆ. ಭದ್ರತೆಯ ಹೆಸರಲ್ಲಿ ಕಬ್ಬಿಣದ ಗೇಟಿನಿಂದೀಚೆಗೆ ಡಾಕ್ಟ್ರಮ್ಮನನ್ನು ಬಿಟ್ಟವರಿಲ್ಲ. ಕೋಣೆಯನ್ನು ಅವರು ಏನೆಂದುಕೊಂಡಿದ್ದರೋ ಏನೋ.

ದಿನವಿಡೀ ವಟಗುಟ್ಟುತ್ತಿದ್ದ ಒಬ್ಬಳಿಗೆ ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಕೋಣೆಗೆ ಹೋಗಿಬಂದಳು. ಈಗ ಗುಂಡಿ ಹಚ್ಚುತ್ತ ಮೂಲೆಯಲ್ಲಿ ಕೂತಿರುತ್ತಾಳೆ, ತುಟಿ ಎರಡಾಗುವುದಿಲ್ಲ. ಅಂದಿನಿಂದ ದರ್ಜಿ, ಡಾಕ್ಟ್ರಮ್ಮನ ಮುಂದೆ ಅಳದೆ ನಗುವುದನ್ನು ಹುಡುಗಿಯರಿಗೆಲ್ಲ ಹೇಳಿಕೊಡುತ್ತಿದ್ದಳು.

"ನಿದ್ದೆ ಬರುತ್ತಾ ಅಂತಾರೆ. ಏನಂತೀಯ?" ಮಿಷನ್ನಿನ ಸದ್ದಿನ ಮರೆಯಲ್ಲಿ ಕೇಳಿದಳು.

"ಚೆನ್ನಾಗ್ ಬರುತ್ತೆ ಮೇಡಂ."

"ತಲೆ ಎತ್ತು. ಹಲ್ಲು ತೋರ್ಸು. ಥೂ, ಅಷ್ಟೊಂದು ಬೇಡ, ಹುಚ್ಚಿ ಅಂತ ಬರ್ಕೊಂಡಾರು. ಹ್ಞೂಂ, ಈಗ ನಿನ್ನ ತಂಗಿ ವಿಷ್ಯ ಹೇಳು. ಅಳದೆ."

ಎದುರಿಗಿದ್ದವಳು ಮಹಾರಾಣಿ. ಮೊದಲ ದಿನ "ನನ್ನ ಹಾಸಿಗೆ ಎಲ್ಲಿ?" ಎಂದು ಕೇಳಿದ್ದಕ್ಕೆ ಮೇಟ್ರನ್ ಕೊಟ್ಟ ಬಿರುದು. ಹತ್ತೊಂಬತ್ತರ ಹುಡುಗಿ, ದೊಡ್ಡವರ ಮನೆಯಲ್ಲಿ ಪಾತ್ರೆ ಬಟ್ಟೆ ಮಾಡಿಕೊಂಡಿದ್ದವಳು. ಯಜಮಾನ ಕೈ ಹಾಕಿದಾಗ ಕಚ್ಚಿದಳು. ಸಂಜೆಯೊಳಗೆ ಆ ಮನೆಯಲ್ಲಿ ಬಳೆ ಕಳುವಾಯಿತು, ಇವಳು ಕಳ್ಳಿಯಾದಳು. ಈಗ ನೋಡಲು ಬಂದ ತಾಯಿ ಕಂಬಿಯಾಚೆಯಿಂದ, "ಕಂಪ್ಲೇಂಟ್ ವಾಪಸ್ ತಗೋತಾರಂತೆ ಕಣೆ, ಚಿಕ್ಕವಳನ್ನ ಅದೇ ಮನೆಗೆ ಕೆಲಸಕ್ಕೆ ಬಿಟ್ಟಿದೀನಿ" ಎಂದು ಸಮಾಧಾನ ಹೇಳಿಹೋಗಿದ್ದಳು. ತಾಯಿಗೆ ಕಚ್ಚಿದ ವಿಷಯ ಗೊತ್ತಿಲ್ಲ. ಹೇಳಬೇಕೆನ್ನುವಷ್ಟರಲ್ಲಿ ಸಮಯವಾಯಿತೆಂದು ಎಳೆದುಕೊಂಡು ಬಂದಿದ್ದರು.

"ಮೇಡಂ, ನನ್ನ ತಂಗೀನ..." ಮಹಾರಾಣಿ ಶುರುಮಾಡಿದಳು. "ಆಗಲ್ಲ ಅಕ್ಕ. ಅವಳ ಮುಖ ಕಣ್ಮುಂದೆ ಬರುತ್ತೆ. ನೀನೇ ಹೇಳ್ಬಿಡು, ನಿನ್ನ ದಮ್ಮಯ್ಯ."

"ಹೋದ್ಸಲ ಡಾಕ್ಟ್ರಮ್ಮನ ಹತ್ರ ರೇಡಿಯೋ ಬಗ್ಗೆ ಬಾಯಿ ಬಿಟ್ಟೆ. ಬೇರೆಯೋರ ವಿಷ್ಯ ಅವರೇ ಹೇಳ್ಬೇಕಮ್ಮ, ನಿಂದು ಹೇಳು ಅಂದ್ರು. ಸ್ಟೂಲ್ ಮೇಲಿದ್ದೋಳು ಅದನ್ನ ಕೇಳಿಸ್ಕೊಂಡು, ಆಮೇಲೆ ನನ್ನ ಬೆನ್ನು ಮುರಿದ್ಲು."

ಮಹಾರಾಣಿ ಸೆರಗಿಗೆ ಮುಖ ಒತ್ತಿಕೊಂಡಳು. ಇನ್ನೊಂದು ವಾರ ಬಿಟ್ಟರೆ ಆ ಮಗುವಿನ ಗತಿ? ದರ್ಜಿ ಅಂಗಿಯ ಅಂಚನ್ನು ಇನ್ನೊಮ್ಮೆ ಒತ್ತಿ ಹೊಲಿದಳು.

"ನಾಳೆ ಸಾಲಲ್ಲಿ ನಾನು ಮೊದ್ಲು. ನನ್ನ ಹಿಂದೇನೇ ನೀನು. ಹೋಗಿ ಎಷ್ಟು ಬೇಕೋ ಅಷ್ಟು ಅಳು."

"ಕೋಣೆಗೆ ಹಾಕ್ತಾರಲ್ಲಕ್ಕ?"

"ಕೋಣೆ ಇರೋದು ಒಂದೇ ಕಣೆ."

ಮರುದಿನ ದರ್ಜಿ ಆ ಕುರ್ಚಿಯಲ್ಲಿ ಕೂತಳು. ಡಾಕ್ಟ್ರಮ್ಮ ನಕ್ಕರು. "ಹೇಗಿದೀಯಮ್ಮ?"

"ಸಾಯ್ಬೇಕು ಅನ್ಸುತ್ತೆ ಮೇಡಂ."

ಸುಳ್ಳು ಹೇಳುತ್ತೇನೆಂದುಕೊಂಡೇ ಬಂದಿದ್ದಳು. ಹೇಳಿದ ಮೇಲೆ ನೋಡಿದರೆ ಅದು ಪೂರಾ ಸುಳ್ಳಾಗಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಕಣ್ಣೀರು ಕರೆಯದೆಯೇ ಬಂತು.

"ಇವಳನ್ನ ಸ್ವಲ್ಪ ಜೋಪಾನವಾಗಿ ನೋಡ್ಕೊಳ್ಳಿ," ಎಂದರು ಡಾಕ್ಟ್ರಮ್ಮ.

ಕೋಣೆಯಲ್ಲಿ ಅಂಗಿಯ ಕತ್ತು ಅವಳ ಕತ್ತನ್ನೇ ತರಚತೊಡಗಿತು. ತಾನೇ ಗಟ್ಟಿಯಾಗಿ ಹೊಲಿದದ್ದು, ಯಾರನ್ನು ಬೈಯುವುದು? ಹಿಂದೆ ಇಲ್ಲಿದ್ದವರು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದಿದ್ದರು. ರೇಡಿಯೋ ಕೆರೆದದ್ದು ಯಾವುದಿರಬಹುದೆಂದು ನೋಡುತ್ತ ಕೂತಳು. ಕುಂಡಿಯಿಂದ ಚಳಿ ಹತ್ತಿ ಹಲ್ಲಿಗೆ ಬಂತು.

ಬೀಗ ಸದ್ದಾಯಿತು. ಮೇಟ್ರನ್.

"ಎದ್ದು ಹೊರಗೆ ಬಾರೆ. ಆ ಮಹಾರಾಣಿ ಅಲ್ಲಿ ಊರಿಗೇ ಕೇಳೋ ಹಾಗೆ ಗೋಳಾಡ್ತಿದಾಳೆ. ಅವಳನ್ನ ಹಾಕ್ಬೇಕು."

"ಬರಲ್ಲ."

"ಏನಂದೆ?"

"ಡಾಕ್ಟ್ರಮ್ಮ ಒಪ್ಪೋವರ್ಗೂ ಬಿಡೋ ಹಾಗಿಲ್ಲ ಅಲ್ವಾ? ನಂಗಿನ್ನೂ ಸಾಯ್ಬೇಕು ಅನ್ಸ್ತಿದೆ. ಆಚೆಗೆ ಎಳೆದ್ರೆ ಗೋಡೆಗೆ ತಲೆ ಚಚ್ಕೋತೀನಿ. ಆಗ ನಿನ್ನ ಕೆಲಸ ಯಾವನಪ್ಪ ಕೊಡಿಸ್ತಾನೋ ಕೇಳ್ಕೊ."

 ಮೇಟ್ರನ್ ಬೀಗ ಹಾಕಿಕೊಂಡು ಹೋದಳು. ಹೋದವಳು ದಡದಡ ಓಡಿಕೊಂಡು ಬಂದಳು, ಕಂಕುಳಲ್ಲಿ ಆಫೀಸಿನ ಹಾಸಿಗೆ, ದಿಂಬು, ಹೂವಿನ ಚಿತ್ರದ ಚಾದರ.

"ಹಾಸ್ಕೊಳ್ಳೆ ಬೇಗ. ಇಬ್ರನ್ನ ಎಲ್ಲಿಡ್ತೀರಿ, ನಾನೇ ನೋಡಿ ಒಪ್ಕೋಬೇಕು ಅಂತ ಹಟ ಹಿಡಿದವಳೆ ನಿಮ್ಮ ಡಾಕ್ಟ್ರಮ್ಮ. ಜೈಲರ್ ಸಾಹೇಬ್ರೂ ಹ್ಞೂಂ ಅಂದ್ಬಿಟ್ರು. ಇದ್ರ ಮೇಲೆ ಕೂತ್ಕೊಂಡು ಚೆನ್ನಾಗಿದೀನಿ ಅನ್ನು. ಸಾಯಂಕಾಲ ಟೀ ಕೊಡಿಸ್ತೀನಿ, ನನ್ನ ಬಂಗಾರ ಅಲ್ವಾ ನೀನು?"

ದರ್ಜಿ ಎದ್ದಳು. ಹಾಸಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲಾಚೆ ಒಗೆದಳು. ಅದು ಮೋರಿಯ ನೀರಲ್ಲಿ ಬಿದ್ದು ನೆನೆಯಿತು. ಹಿಂದೆಯೇ ದಿಂಬು, ಚಾದರ.

"ರಂಡೆ!" ಕೆನ್ನೆಗೆ ಏಟು ಬಿತ್ತು. ಬಾಯಲ್ಲಿ ಉಪ್ಪುಪ್ಪಾಯಿತು. ಎರಡನೆಯ ಏಟಿಗೆ ಎತ್ತಿದ ಕೈ ಹಾಗೇ ನಿಂತಿತು. ಮೊಗಸಾಲೆಯ ಆ ತುದಿಯಲ್ಲಿ ಚಪ್ಪಲಿ ಸದ್ದು.

ಡಾಕ್ಟ್ರಮ್ಮ ಬಂದರು. ಅವರ ಹಿಂದೆ ಮಹಾರಾಣಿ, ಕಣ್ಣು ಊದಿ ಕೆಂಪಾಗಿ. "ಎಲ್ಲಾ ಹೇಳ್ದೆ ಅಕ್ಕ. ಆ ಮನೆ ವಿಳಾಸಾನೂ ಬರ್ಕೊಂಡ್ರು."

ಡಾಕ್ಟ್ರಮ್ಮ ನೀರಲ್ಲಿ ಬಿದ್ದ ಹಾಸಿಗೆ ನೋಡಿದರು, ದೀಪ ನೋಡಿದರು, ಅಂಗಿ ನೋಡಿದರು.

"ಇದೆಲ್ಲಿಗೆ ಕರ್ಕೊಂಡು ಬಂದ್ರಿ?" ಮೇಟ್ರನ್ನನ್ನು ಕೇಳಿದರು. "ಆರೈಕೆ ಕೋಣೆ ಎಲ್ಲಿ?"

"ಇದೇ ಮೇಡಂ," ದರ್ಜಿ ತುಟಿಯ ರಕ್ತ ಒರೆಸಿಕೊಂಡಳು. "ನೀವು ಜೋಪಾನ ಅಂದಾಗೆಲ್ಲ ನಮ್ಮನ್ನ ತಂದು ಹಾಕೋದು ಇಲ್ಲೇ. ಒಳಗೆ ಬನ್ನಿ. ಚಪ್ಪಲಿ ಬಿಟ್ಟು ಬನ್ನಿ, ಆಗ ಗೊತ್ತಾಗುತ್ತೆ."

"ಬೇಡಿ ಮೇಡಂ, ಜಾರುತ್ತೆ," ಎಂದಳು ಮೇಟ್ರನ್.

ಡಾಕ್ಟ್ರಮ್ಮನ ಮುಖದಲ್ಲಿ ಬಣ್ಣವಿರಲಿಲ್ಲ. ಬಗ್ಗಿ ಒಂದು ಚಪ್ಪಲಿ ಬಿಚ್ಚಿದರು. ಬರಿಗಾಲನ್ನು ಒಳಗಿಟ್ಟವರು ಹಾ ಎಂದು ಉಸಿರೆಳೆದುಕೊಂಡರು. ಇನ್ನೊಂದು ಕಾಲು ಚಪ್ಪಲಿಯ ಸಮೇತ ಹೊಸ್ತಿಲಾಚೆಯೇ ಇತ್ತು. ಅವರ ಬೆನ್ನ ಹಿಂದೆ, ಮಹಾರಾಣಿಯ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡು, ಮೇಟ್ರನ್ ಮುಚ್ಚಲು ಕಾದವಳ ಹಾಗೆ ಇನ್ನೊಂದು ಕೈಯನ್ನು ಬಾಗಿಲಿನ ಮೇಲೆ ಇಟ್ಟಳು.