ಸರಿತೂಗಿದ ಮಾತು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಲು ಬಂತು, ನಲ್ಲಿಯಲ್ಲಿ ನೀರೂ ಬಂತು. ಬಾಗಿಲ ಮುಂದೆ ಗುಡಿಸುತ್ತಿದ್ದ ಅತ್ತೆ ಕೂಗಿದರು.

"ಈ ಏಣಿ ಯಾರದ್ದೇ?"

ಎದುರುಮನೆಯ ಪೇಂಟರಣ್ಣನದು. ಅಡುಗೆಮನೆಯ ಬಲ್ಬ್ ಬದಲಿಸಲು ನನ್ನ ಗಂಡ ಕೇಳಿ ತಂದಿದ್ದ. ಬಲ್ಬ್ ಹಾಕಿದ, ಏಣಿ ಮರೆತ.

"ಇವನು ಕೈಯೊಡ್ಡದ ಮನೆ ಈ ಬೀದೀಲಿ ಯಾವುದಿದೆ ಹೇಳು! ನಮ್ಮದು ಅಂತ ಒಂದು ಸುತ್ತಿಗೆ ಇದ್ಯಾ?" ಎಂದು ನಕ್ಕ ಅತ್ತೆ, ನಕ್ಕಿದ್ದಕ್ಕೆ ತಾವೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದರು.

ನನ್ನ ಮುಖ ಬಿಸಿಯಾಯಿತು. ಅವನ ಅಂತ್ಯಕ್ರಿಯೆಗೆ ಹೊರಡುವ ಮುಂಚೆ ಇದೇ ಬಾಗಿಲಲ್ಲಿ ನಿಂತು, ಇದೇ ಏಣಿಗೆ ಬೆನ್ನು ಮಾಡಿ, ಎಲ್ಲರ ಮುಂದೆ ಹೇಳಿದ್ದೆ: "ಕೇಳಿದವರಿಗೆ ಇಲ್ಲವೆನ್ನಲಿಲ್ಲ, ಇಲ್ಲವೆಂದು ಯಾರನ್ನೂ ಕೇಳಲಿಲ್ಲ. ಬರಿಗೈಯಲ್ಲಿದ್ದೇ ಎಲ್ಲರ ಕೈ ತುಂಬಿದ."

ಕಾಲೇಜಿನಲ್ಲಿ ನಾನು ಕಲಿಸುವುದೇ ಇಂಥ ಮಾತು ಕಟ್ಟುವುದನ್ನು. ಒಂದು ಸಾಲು ಇನ್ನೊಂದಕ್ಕೆ ಹೆಗಲು ಕೊಡಬೇಕು. ಮೇಲೆ ವಿರೋಧ ಕಂಡರೂ ಒಳಗೆ ನಿಜವಿರಬೇಕು. ಕೇಳಿದವರಿಗೆ ಅವನು ಇಲ್ಲವೆನ್ನಲಿಲ್ಲ, ಅದು ನಿಜ. ಮುಂದಿನದು, ಅದಕ್ಕೊಂದು ಜೋಡಿ ಬೇಕಿತ್ತೆಂದು ಬಂತು. ಹೊಳೆದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಒಳಗೆ ಅವನಿನ್ನೂ ಉಸಿರಾಡುತ್ತಿದ್ದ.

ರಸ್ತೆಯಾಚೆ ಅಂಗಡಿಯೊಂದರ ಗೋಡೆಗೆ ಬಣ್ಣ ಹಚ್ಚಲು ಪೇಂಟರಣ್ಣ ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿದ್ದರು. ಸ್ಟೂಲಿನ ಕಾಲು ಹಿಡಿದಿದ್ದ ಹೆಂಡತಿಯ ಬೈಗುಳ, ಏಣಿ ಹೊತ್ತು ರಸ್ತೆ ದಾಟುತ್ತಿದ್ದ ನನಗೂ ಕೇಳಿಸಿತು.

"ಬಿದ್ದು ನೋಡಿ, ನಿಮಗೂ ಭಾಷಣ ಮಾಡಿಸ್ತೀನಿ!"

ನನ್ನನ್ನು ಕಂಡು ಆಕೆ ನಾಲಿಗೆ ಕಚ್ಚಿಕೊಂಡಳು.

"ಒಂದು ಮಾತು ಕೇಳಬಾರದಿತ್ತಾ ಅಣ್ಣಾ?" ಎಂದೆ.

"ಹೇಗಮ್ಮ ಕೇಳೋದು? ಯಾರನ್ನೂ ಏನೂ ಕೇಳಲಿಲ್ಲ ಅಂತ ಅಷ್ಟು ಜನರ ಮುಂದೆ ಹೇಳಿದ್ರಿ. ನಾನು ಬಂದು ಏಣಿ ಕೊಡಿ ಅಂದ್ರೆ, ಸತ್ತವರ ಮೇಲೆ ಚಾಡಿ ಹೇಳಿದ ಹಾಗಾಗಲ್ವಾ?"

"ಅದು ಸುಳ್ಳು. ಕೇಳೋಕೆ ಚೆನ್ನಾಗಿತ್ತು ಅಂತ ಹೇಳಿಬಿಟ್ಟೆ."

"ಚೆನ್ನಾಗೇ ಇತ್ತು ಕಣಮ್ಮ," ಎಂದಳು ಹೆಂಡತಿ. "ನಾನಂತೂ ಅತ್ತುಬಿಟ್ಟೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಣಿಯನ್ನು ಗೋಡೆಗೆ ಒರಗಿಸಿದೆ. ಅಂಗಡಿಯ ಮುಂದೆ ನಿಂತಿದ್ದವರಿಗೂ ಕೇಳುವ ಹಾಗೆ ಹೇಳಿದೆ:

"ನನ್ನ ಗಂಡ ನಿಮ್ಮನ್ನ ಕೇಳಿ ತಂದಿದ್ದ ಏಣಿ ಇದು. ತಗೊಳ್ಳಿ ಅಣ್ಣಾ."